ಬ್ಯಾಟರಿ ಕುಡಿಯುವ ಕಳ್ಳ

ಕನ್ನಡಕದಂಗಡಿಯವನ ಹಳೇ ಕಾರು ವಾರದಲ್ಲಿ ಎರಡು ಸಲವಾದರೂ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಕೀಲಿ ತಿರುಗಿಸಿದರೆ ಹಟಮಾರಿ ಮಗು ಹಲ್ಲು ಕಚ್ಚಿದ ಹಾಗೆ ಒಂದು ‘ಟಕ್’, ಆಮೇಲೆ ಮೌನ. ಆಗ ಎದುರುಮನೆಯ ನಿವೃತ್ತ ರೈಲ್ವೆ ಗಾರ್ಡು ಸೀಟಿ ಊದುತ್ತ ಹೊರಬರಬೇಕು, ಮೇಲ್ಮನೆಯ ಟೀಚರಮ್ಮ ಬ್ಯಾಗು ಕೆಳಗಿಟ್ಟು ಕೈ ಕೊಡಬೇಕು, ಬೀದಿಯೆಲ್ಲ ಸೇರಿ ತಳ್ಳಬೇಕು.

ಅದು ಅವನ ಅಪ್ಪನ ಕಾರು. ಅಪ್ಪನ ತೊಡೆಯ ಮೇಲೆ ಕೂತು ಸ್ಟೀರಿಂಗು ಹಿಡಿದವನು ಅವನು. ಆದರೆ ಅಮ್ಮನಿಗೆ ಅಂಗಳದಲ್ಲಿ ಬಟ್ಟೆ ಒಣಹಾಕಲು ಜಾಗ ಬೇಕಿತ್ತು, ಭಾವಮೈದನಿಗೆ ಗುಜರಿಯವನೊಬ್ಬನ ಸ್ನೇಹವಿತ್ತು. ಭಾನುವಾರ ಸಂಜೆಯೊಳಗೆ ಕಾಯಿಲೆ ಏನೆಂದು ಗೊತ್ತಾಗದಿದ್ದರೆ ಕಾರು ಗುಜರಿಗೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವತ್ತು ಹೆಂಡತಿ ಪಾತ್ರೆ ತೊಳೆಯುವ ಸದ್ದು ಮಾತ್ರ ತುಸು ಜೋರಾಗಿತ್ತು, ಅಷ್ಟೆ.

ಅವನೂ ಸುಮ್ಮನೆ ಬಿಡುವ ಆಸಾಮಿಯಲ್ಲ. ಗ್ಯಾರೇಜಿನವರು ನಡೆಸುವ ಸಂಜೆಯ ಪಾಠಕ್ಕೆ ಸೇರಿಕೊಂಡ. ವೋಲ್ಟು ಅಂದರೆ ತೊಟ್ಟಿಯ ನೀರಿನ ಒತ್ತಡ, ಆಂಪಿಯರು ಅಂದರೆ ನಲ್ಲಿಯ ಹರಿವು, ಓಮು ಅಂದರೆ ಕೊಳವೆಯೊಳಗಿನ ಅಡ್ಡಿ ಎಂದು ಕಲಿತು ಬಂದು ಊಟದ ಹೊತ್ತಿಗೆ ಎಲ್ಲರಿಗೂ ಬಡಿಸಿದ. ಹೆಂಡತಿ ಮಜ್ಜಿಗೆ ಹಾಕುತ್ತ, “ಗೊತ್ತಾಯ್ತು ಬಿಡ್ರೀ. ಒತ್ತಡ ಮಕ್ಕಳದು, ಅಡ್ಡಿ ನಿಮ್ಮದು, ಹರಿಯೋದು ಮಾತ್ರ ನಾನು” ಅಂದಳು.

ಭಾನುವಾರ ಬೆಳಿಗ್ಗೆ ಕಾರಿನ ದಪ್ಪ ಹೊದಿಕೆ ತೆಗೆದು, ಹಿಂದಿನ ದಿನ ಚಾರ್ಜು ಮಾಡಿಸಿ ತಂದ ಬ್ಯಾಟರಿ ಕೂರಿಸಿದ. ನೆಗೆಟಿವ್ ತಂತಿ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಪುಟ್ಟ ಟೆಸ್ಟ್ ದೀಪ ಸೇರಿಸಿದ. ಕಾರಿನಲ್ಲಿ ಎಲ್ಲವೂ ಆರಿದ್ದರೆ ಈ ದೀಪವೂ ಆರಿರಬೇಕು. ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ.

ದೀಪ ಉರಿಯಿತು.

ಗಾರ್ಡು ಮಾಮ ಸೀಟಿ ಸಮೇತ ಹಾಜರಾಗಿ, ಸಹಾಯ ಮಾಡುತ್ತೇನೆಂದು ಮುಂದಿನ ಸೀಟಿನಲ್ಲಿ ಕೂತರು. ಮಂಡಿ ಮಡಚಲಾಗದ್ದರಿಂದ ಒಂದು ಕಾಲು ಹೊರಗೆ, ಬಾಗಿಲು ಹಾರುಹೊಡೆದಿತ್ತು. ಅವನು ಒಂದೊಂದೇ ಫ್ಯೂಸು ಕೀಳುತ್ತ ಹೋದ. ಕಿತ್ತಿದ್ದನ್ನೆಲ್ಲ ಟೀಚರಮ್ಮ ಬಣ್ಣದ ಪ್ರಕಾರ ಜೋಡಿಸಿ, ಕೆಂಪು ಒಂದು ಕಡಿಮೆಯಿದೆ ಎಂದು ಬೇಸರಪಟ್ಟುಕೊಂಡರು. ಕಡೆಗೊಂದು ಫ್ಯೂಸು ಕಿತ್ತಾಗ ಟೆಸ್ಟ್ ದೀಪ ಆರಿತು. ಅದು ಕಾರಿನೊಳಗೆ ಚಾವಣಿಯಲ್ಲಿರುವ ದೀಪದ ಫ್ಯೂಸು.

ಗಾರ್ಡು ಮಾಮ ಉದ್ದಕ್ಕೆ ಸೀಟಿ ಊದಿದರು. “ಕಳ್ಳ ಸಿಕ್ಕ ಕಣಪ್ಪಾ. ಚಾವಣಿ ಬಿಚ್ಚು.”

ಬಿಚ್ಚಿದ. ಚಾವಣಿಯ ಬಟ್ಟೆ ನಾಟಕದ ಪರದೆಯಂತೆ ಇಬ್ಬರ ತಲೆಯ ಮೇಲೂ ಬಿತ್ತು. ಒಳಗೆ ತಂತಿಗಳೆಲ್ಲ ಹೊಸ ಮದುಮಗನಂತೆ ನೆಟ್ಟಗಿದ್ದವು. ಫ್ಯೂಸು ಮತ್ತೆ ಹಾಕಿ, ಬಾಗಿಲುಗಳ ಅಂಚಿನ ಗುಂಡಿ ಒತ್ತಿ ನೋಡಿದ. ಬಾಗಿಲು ಮುಚ್ಚಿದರೆ ಈ ಗುಂಡಿ ಅದುಮಿದಂತಾಗಿ ಚಾವಣಿ ದೀಪ ಆರಬೇಕು. ಯಾವುದನ್ನು ಒತ್ತಿದರೂ ಆರಲಿಲ್ಲ. ಪಕ್ಕದಲ್ಲೇ ಗಾರ್ಡು ಮಾಮನ ಕಾಲು ಬಾಗಿಲನ್ನು ತೆರೆದು ಹಿಡಿದಿದೆ ಎಂಬುದು ಮಧ್ಯಾಹ್ನದವರೆಗೂ ಇಬ್ಬರಿಗೂ ಹೊಳೆಯಲಿಲ್ಲ. ಊರವರ ಕಣ್ಣಿಗೆಲ್ಲ ಗಾಜು ಕೂರಿಸುವವನ ಕಣ್ಣು ಅಂಥದ್ದು.

ಮಾಮ ಊಟಕ್ಕೆ ಎದ್ದರು. ಮುಂದಿನ ಬಾಗಿಲು ಮುಚ್ಚಿತು. ಆದರೂ ದೀಪ ಉರಿಯುತ್ತಲೇ ಇತ್ತು. ಅವನು ಹಟ ಬಿಡದೆ ಸುತ್ತು ಹಾಕಿ ಒಂದೊಂದೇ ಬಾಗಿಲು ತಳ್ಳಿ ನೋಡಿದ. ಹಿಂದಿನ ಎಡಬಾಗಿಲು ಮುಚ್ಚಿದಂತಿತ್ತು, ಮುಚ್ಚಿರಲಿಲ್ಲ. ಕೊಂಡಿ ಅರ್ಧಕ್ಕೇ ನಿಂತಿತ್ತು. ತೆರೆದರೆ ಸೀಟಿನ ಕೆಳಗೊಂದು ಕಾದಂಬರಿ, ಅದರ ನಡುವೆ ಗುರುತಿಗೆಂದು ಇಟ್ಟ ಕನ್ನಡಕ. ತಾನೇ ಮಾಡಿಕೊಟ್ಟದ್ದು. ಹೆಂಡತಿ ಅದನ್ನು ಕಳೆದುಕೊಂಡಳೆಂದು ಒಂದು ದಿನವಿಡೀ ಗೊಣಗಿದ್ದ.

ಬಾಗಿಲನ್ನು ‘ಧಪ್’ ಎಂದು ಹಾಕಿದ. ದೀಪ ಆರಿತು.

ತಲೆಯೆತ್ತಿದರೆ ಅಡಿಗೆಮನೆಯ ಕಿಟಕಿಯಲ್ಲಿ ಹೆಂಡತಿ, ಕೈಯಲ್ಲಿ ಸೌಟು. ಸೀರೆಗೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೊರಬಂದಳು.

“ಎಲ್ರೂ ಮಲಗಿದ ಮೇಲೆ ಒಂದು ಅಧ್ಯಾಯ, ಅಷ್ಟೇ ರೀ. ಇಡೀ ಮನೇಲಿ ನನ್ನ ಯಾರೂ ಕರೀದೆ ಇರೋ ಜಾಗ ಇದೊಂದೇ. ಬಾಗಿಲು ಜೋರಾಗಿ ಹಾಕಿದ್ರೆ ಯಾರಾದ್ರೂ ಎದ್ದು ‘ಅಮ್ಮಾ’ ಅಂತಾರೆ.”

ಕಾರಿನ ಹೊದಿಕೆ ರಾತ್ರಿಯೆಲ್ಲ ಆ ಬೆಳಕನ್ನು ಬಚ್ಚಿಟ್ಟುಕೊಂಡಿತ್ತು.

ಸಂಜೆ ಭಾವಮೈದ ಹಗ್ಗ ಹಿಡಿದು ಬಂದ. ಬೀದಿ ನೆರೆಯಿತು. ಕೀಲಿ ತಿರುಗಿಸಿದೊಡನೆ ಕಾರು ಗುಡುಗಿತು. ಕಾಯಿಲೆ ಏನಿತ್ತೆಂದು ಎಲ್ಲರೂ ಕೇಳಿದರು. ಅವನು ಹೆಂಡತಿಯ ಮುಖ ನೋಡಿ, ಒಂದು ತಂತಿ ಸಡಿಲವಾಗಿತ್ತು ಅಂದ.

ಭಾವಮೈದ ನಂಬುವ ಪೈಕಿಯಲ್ಲ. “ಭಾವ, ಸಂಜೆ ಎಲ್ಲಾ ಕಾರೂ ಓಡ್ತವೆ. ನಾನು ರಾತ್ರಿ ಇಲ್ಲೇ ಇರ್ತೀನಿ. ಬೆಳಿಗ್ಗೆ ಓಡಿದ್ರೆ ಸರಿ, ಇಲ್ದಿದ್ರೆ ಕಾರು ನಂದು.”

ಬೆಳಿಗ್ಗೆ ಭಾವಮೈದನೇ ಎಲ್ಲರೆದುರು ಹೊದಿಕೆ ಎಳೆದ. ಹಿಂದಿನ ಸೀಟಿನಲ್ಲಿ ಕನ್ನಡಕದಂಗಡಿಯವನು ಬಾಯಿ ತೆರೆದು ನಿದ್ರಿಸುತ್ತಿದ್ದ. ಎದೆಯ ಮೇಲೆ ಕಾದಂಬರಿ. ಹೆಂಡತಿ ಓದಿ ಮುಗಿಸಿದ ಮೇಲೆ ಬಾಗಿಲನ್ನು ತಾನೇ ಗಟ್ಟಿಯಾಗಿ ಹಾಕಬೇಕೆಂದು ಅವಳ ಜೊತೆ ಕೂತವನು, ಅವಳು ಓದಿ ಹೇಳುತ್ತಿದ್ದ ಹಾಗೇ ತೂಕಡಿಸಿದ್ದ. ಅವನ ನಿದ್ದೆ ಕೆಡಬಾರದೆಂದು ಅವಳು ಬಾಗಿಲನ್ನು ಎಂದಿನಂತೆ ಮೆಲ್ಲಗೆ ಮುಚ್ಚಿ ಹೋಗಿದ್ದಳು.

ಕೀಲಿ ತಿರುಗಿತು. ‘ಟಕ್.’

ಭಾವಮೈದ ಹಗ್ಗ ಬಿಗಿದ. ಆಗ ಹೆಂಡತಿ ಮೆಟ್ಟಿಲಿಳಿದು ಬಂದಳು.

“ಹಗ್ಗ ಬಿಚ್ಚೋ. ಅದು ಕಾರಲ್ಲ, ನಾನು ಓದೋ ಕೋಣೆ.”

ಅಕ್ಕನ ಆ ದನಿ ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಬಿಚ್ಚಿದ. ಎಲ್ಲ ಕೇಳಿಸಿಕೊಂಡ ಟೀಚರಮ್ಮ, ತನಗೂ ಶಾಲೆಯಿಂದ ಬಂದ ಮೇಲೆ ಒಂದರ್ಧ ಗಂಟೆ ಸಿಗಬಹುದೇ ಎಂದು ಹೆಂಡತಿಯ ಕಿವಿಯಲ್ಲಿ ವಿಚಾರಿಸಿದರು.

ಅಪ್ಪನ ಕಾರು ಉಳಿಯಿತು. ಆ ಸಮಾಧಾನದಲ್ಲಿ, ತಳ್ಳಲು ಎಲ್ಲರನ್ನೂ ಕರೆಯೋಣವೆಂದು ತಿರುಗಿದರೆ, ಬಟ್ಟೆ ಒಣಹಾಕಲು ಜಾಗ ಕೇಳಿದ್ದ ಅಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಕಾದಂಬರಿಯ ಮೊದಲ ಪುಟ ತೆರೆದಿದ್ದರು.

“ನೀನು ನಡ್ಕೊಂಡೇ ಅಂಗಡಿಗೆ ಹೋಗಪ್ಪಾ” ಅಂದರು, ತಲೆಯೆತ್ತದೆ. “ಬಾಗಿಲು ಮೆಲ್ಲಗೆ ಹಾಕು. ನಾನಿಲ್ಲಿರೋದು ಮಕ್ಕಳಿಗೆ ಗೊತ್ತಾಗಬಾರದು.”