ಅಮ್ಮಣ್ಣಿಗೆ ತಕ್ಕ ಗಾಡಿ

ಆ ಬೆಳಿಗ್ಗೆ ಕಿಟಕಿ ತೆಗೆದರೆ ಹೊರಗೆ ಮಂಜೋ ಮಂಜು. ಎದುರುಮನೆಯ ಮೆಟ್ಟಿಲು ಕಾಣದು, ಬೀದಿಯ ದೀಪದ ಕಂಬ ಕಾಣದು. ಗಡಿಯಾರ ರಿಪೇರಿಯ ಮಾವ ಎರಡೂ ಕೈ ಮುಗಿದು, "ದೇವರೇ, ನೀನು ದೊಡ್ಡವನು" ಅಂದ. ಇಂಥ ಮಂಜಿನಲ್ಲಿ ಯಾರೂ ಗಾಡಿ ಹೊರಡಿಸುವುದಿಲ್ಲ. ಇವತ್ತೊಂದು ದಿನ ಕುದುರೆ ಉಳಿಯಿತು.

ಕುದುರೆ ಅವನದಲ್ಲ. ಆರು ವರ್ಷದ ಹಿಂದೆ ಅವನ ಬಾಲ್ಯದ ಗೆಳೆಯ ಮೇಷ್ಟ್ರು ಬೆಟ್ಟದ ಮೇಲಿನ ಊರಿನಿಂದ ಸೊಂಟದ ಆಪರೇಷನ್ನಿಗೆಂದು ಬಂದವರು, "ಎರಡು ತಿಂಗಳು ನೋಡ್ಕೊಳ್ಳೋ" ಎಂದು ತಮ್ಮ ಬೂದುಬಣ್ಣದ ಹೆಣ್ಣು ಕುದುರೆಯನ್ನು ಇವನ ಹಿತ್ತಲಲ್ಲಿ ಕಟ್ಟಿ ಹೋಗಿದ್ದರು. ಸೊಂಟ ನೆಟ್ಟಗಾಗಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಕುದುರೆ ಅಮ್ಮಣ್ಣಿಯಾಗಿತ್ತು. ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಕೂತರೆ ಅದು ಕಿಟಕಿಯಲ್ಲಿ ತಲೆ ತೂರಿಸಿ, ಮೇಲ್ವಿಚಾರಕರ ಹಾಗೆ ಕೆಲಸ ನೋಡುತ್ತ ನಿಲ್ಲುತ್ತಿತ್ತು. ಗಿರಾಕಿಗಳು ಮೊದಲು ಅದನ್ನು ಮಾತಾಡಿಸಿ, ಆಮೇಲೆ ಗಡಿಯಾರದ ವಿಷಯ ತೆಗೆಯುತ್ತಿದ್ದರು.

ಎರಡು ತಿಂಗಳ ಹಿಂದೆ ಕಾಗದ ಬಂತು: "ಈಗ ನಡೆದಾಡುತ್ತೇನೆ. ಕುದುರೆ ಕಳಿಸು."

ಇಲ್ಲ ಅನ್ನಲು ಧರ್ಮ ಬಿಡದು, ಹೂಂ ಅನ್ನಲು ಕರುಳು ಬಿಡದು. ಮಾವ ಬರೆದ: "ತಕ್ಕ ಗಾಡಿ ಸಿಕ್ಕ ಕೂಡಲೇ ಕಳಿಸುತ್ತೇನೆ. ಘಾಟಿ ರಸ್ತೆ, ಬಾಯಿಲ್ಲದ ಜೀವ, ಅವಸರ ಮಾಡಬಾರದು." ಅದೇ ಮಾತನ್ನು ಬೀದಿಯಲ್ಲೂ ಹೇಳಿದ. ಅಲ್ಲಿ ಎಡವಿದ. ಬೀದಿಯವರು ಪರೋಪಕಾರಿಗಳು. ಪಕ್ಕದ ಮನೆಯ ಮೆಕ್ಯಾನಿಕ್ ಎಲ್ಲಿಂದಲೋ ಕುದುರೆ ಸಾಗಿಸುವ ಹಳೆಯ ಟ್ರೈಲರ್ ತಂದು ನೆಲ ಬದಲಿಸಿ, ಬ್ರೇಕು ಕೂರಿಸಿ, ದೀಪ ಜೋಡಿಸಿ ನಿಲ್ಲಿಸಿಬಿಟ್ಟ. ಇನ್ನು ಅದನ್ನು ಎಳೆಯಲು ಒಂದು ಗಾಡಿ ಬೇಕು, ಅಷ್ಟೇ.

ಎಂಟು ಗಂಟೆಗೆ ಮಂಜು ಚದುರಿತು. ಅದರ ಬೆನ್ನಿಗೇ ಮೆಕ್ಯಾನಿಕ್‌ನ ಹಾರ್ನ್ ಕೂಗಿತು.

"ಮಾವಾ, ಹೊರಗೆ ಬನ್ನಿ! ಜೀಪು ತಂದಿದ್ದೀನಿ. ಫೋರ್‌ವೀಲು, ನಾಲ್ಕೂ ಚಕ್ರ ಎಳೆಯುತ್ತೆ!"

ಮಾವ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ತೂಕ ಎಷ್ಟಪ್ಪಾ?"

"ಸಾವಿರದ ಇನ್ನೂರು ಕಿಲೋ."

"ಟ್ರೈಲರ್ ಒಂಬೈನೂರು, ಅಮ್ಮಣ್ಣಿ ಐನೂರ ಐವತ್ತು. ಇಳಿಜಾರಲ್ಲಿ ಹಿಂದಿನದು ಮುಂದಿನದರ ಕತ್ತು ಹಿಡಿದು ತಳ್ಳುತ್ತೆ. ಎಳೆಯೋದು ಎಳೆಸಿಕೊಳ್ಳೋದಕ್ಕಿಂತ ಭಾರ ಇರಬೇಕು."

"ಅಮ್ಮಣ್ಣಿ ಹೋದ ತಿಂಗಳು ಐನೂರ ಇಪ್ಪತ್ತು ಇತ್ತಲ್ಲ ಮಾವ?"

ಮಾವ ಕೆಮ್ಮಿದ. ತೂಕ ಏರಲೆಂದು ಅವನು ದಿನಕ್ಕೆ ನಾಲ್ಕು ಹಿಡಿ ಕಾಳು ಕದ್ದು ಹಾಕುತ್ತಿದ್ದುದು ದೇವರಿಗೂ ಕುದುರೆಗೂ ಮಾತ್ರ ಗೊತ್ತಿತ್ತು.

ಹತ್ತು ಗಂಟೆಗೆ ಎರಡನೆಯದು ಬಂತು. ಆನೆಮರಿಯಂಥ ಮೈ, ಮದುಮಗನಂಥ ಹೊಳಪು. ಎದುರುಮನೆಯ ಅಜ್ಜಿ ಜಗಲಿಯಿಂದಲೇ, "ಇದರಲ್ಲಿ ನನ್ನನ್ನೂ ಕೂರಿಸ್ಕೊಂಡು ಹೋಗ್ರೋ" ಎಂದು ಕೂಗಿದಳು. ಮಾವ ಬಗ್ಗಿ, ಮಲಗಿ, ಗಾಡಿಯ ಹೊಟ್ಟೆಯಡಿ ತೂರಿ ನೋಡಿ ಬಂದ. "ನೋಡೋಕೆ ಮಾತ್ರ ಫೋರ್‌ವೀಲು. ಹಿಂದಿನ ಚಕ್ರಕ್ಕೆ ಶಕ್ತಿಯೇ ಹೋಗಲ್ಲ. ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿದರೆ ಅಲ್ಲೇ ಸಂಸಾರ ಹೂಡುತ್ತೆ."

"ಮಾವನ ತಲೆಯೇ ತಲೆ!" ಎಂದು ಮೆಕ್ಯಾನಿಕ್ ಬೆರಗಾದ. ಸುಳ್ಳನ್ನು ಉಳಿಸಿಕೊಳ್ಳಲು ಓದಿ ಓದಿ, ಪಾಪ, ಅವನು ನಿಜವಾಗಿಯೂ ಪಂಡಿತನಾಗಿದ್ದ.

ಮೂರನೆಯದು ಮಧ್ಯಾಹ್ನ ಗುಡುಗುತ್ತ ಬಂತು. ಕಟ್ಟಿಗೆ ಡಿಪೋದವನ ಹಳೆಯ ಗಾಡಿ. ಎರಡು ಟನ್ನಿನ ಮೇಲೆ ತೂಕ, ನಾಲ್ಕೂ ಚಕ್ರಕ್ಕೆ ಶಕ್ತಿ, ಘಾಟಿ ಇಳಿಯಲು ಬೇರೆಯೇ ಗೇರು. ಮಾವ ಟ್ರೈಲರ್ ಸಿಕ್ಕಿಸುವ ಕೊಂಡಿಯ ಎತ್ತರ ಅಳೆದ. ನೂಲಿನಷ್ಟೂ ವ್ಯತ್ಯಾಸವಿಲ್ಲ. ಟಯರು ಅದುಮಿದ. ಹೊಸದು. ಕೊನೆಗೆ, "ಬಣ್ಣ..." ಅಂದ.

"ಬಣ್ಣಕ್ಕೇನಾಯ್ತು ಮಾವ?"

"ಏನಿಲ್ಲ. ಚೆನ್ನಾಗಿದೆ."

ಇನ್ನುಳಿದದ್ದು ಒಂದೇ ಆಸೆ. ಅಮ್ಮಣ್ಣಿ ಮೂರು ತಿಂಗಳ ಹಿಂದೆ ಕೊಟ್ಟಿಗೆಯ ಹೊಸ ಬಾಗಿಲಿಗೇ ಬೆದರಿ ಅರ್ಧ ದಿನ ಹೊರಗೆ ನಿಂತಿದ್ದ ಪ್ರಾಣಿ. ಟ್ರೈಲರ್ ಹತ್ತುವುದುಂಟೇ? "ಹತ್ತದಿದ್ದರೆ ಬಲವಂತ ಬೇಡಪ್ಪಾ" ಎಂದು ಮಾವ ಮೊದಲೇ ಹೇಳಿಟ್ಟ. ಅಮ್ಮಣ್ಣಿ ಟಕ್ ಟಕ್ ಎಂದು ಹಲಗೆ ಏರಿ ಒಳಗೆ ಹೋಗಿ, ಹಿಂದಿರುಗಿ ನೋಡಿತು.

ಪಕ್ಕದಲ್ಲಿ ನಿಂತಿದ್ದ ಮಾವನ ಹೆಂಡತಿ ಸೆರಗಲ್ಲಿ ಕೈ ಒರೆಸಿಕೊಂಡಳು. "ಹದಿನೈದು ದಿನದಿಂದ ಅದರೊಳಗೇ ಕ್ಯಾರೆಟ್ ಇಟ್ಟು ಅಭ್ಯಾಸ ಮಾಡ್ಸಿದ್ದೀನಿ ರೀ. ಕೊಟ್ಟ ಮಾತು ಉಳಿಸ್ಕೊಳ್ಳೋಕೆ ನೀವು ಒದ್ದಾಡೋದು ನೋಡೋಕಾಗ್ಲಿಲ್ಲ."

ಮಾವ ಗೋಡೆ ಕಡೆ ತಿರುಗಿ, ಕನ್ನಡಕ ಒರೆಸುವ ನೆವದಲ್ಲಿ ನಿಂತ. 'ಏನಾದರೂ ಮಾಡು ದೇವರೇ' ಎಂದು ಒಳಗೇ ಬೇಡಿಕೊಂಡ.

ಆಗ ಬೀದಿಯ ತಿರುವಿನಲ್ಲಿ ಬಸ್ಸು ನಿಂತಿತು. ಕೋಲೂರಿಕೊಂಡು ಇಳಿದವರು ಮೇಷ್ಟ್ರು.

"ಲೋ, ಏನೋ ಇದು ಜಾತ್ರೆ?" ಎನ್ನುತ್ತ ಬಂದವರು ಗಾಡಿ ನೋಡಿದರು, ಟ್ರೈಲರ್ ನೋಡಿದರು, ಒಳಗಿದ್ದ ಕುದುರೆ ನೋಡಿದರು. ಮುಖ ಸ್ವಲ್ಪ ಬಾಡಿತು.

"ಎರಡು ತಿಂಗಳಿಂದ ಒಂದೇ ಜಪ ಮೇಷ್ಟ್ರೇ," ಮೆಕ್ಯಾನಿಕ್ ಎದೆಯುಬ್ಬಿಸಿದ. "ಕುದುರೆ ಕಳಿಸಬೇಕು, ಕುದುರೆ ಕಳಿಸಬೇಕು. ಎಷ್ಟು ಗಾಡಿ ಬೇಡ ಅಂದ್ರು ಗೊತ್ತಾ! ನಿಮ್ಮ ಸೊತ್ತಿಗೆ ಒಂದು ಗೀರೂ ಬೀಳಬಾರದು ಅಂತ."

ಮೇಷ್ಟ್ರು ಮಾವನ ಹೆಗಲ ಮೇಲೆ ಕೈಯಿಟ್ಟರು. "ನಾನು ಬೇರೆಯೇ ಅಂದ್ಕೊಂಡಿದ್ದೆ ಕಣೋ. ಗಾಡಿ ಸಿಗಲಿಲ್ಲ ಸಿಗಲಿಲ್ಲ ಅಂತ ಬರೀತಿದ್ದೆಯಲ್ಲ, ಇವನಿಗೆ ಕುದುರೆ ಬಿಟ್ಟಿರೋಕೆ ಮನಸ್ಸಿಲ್ಲ ಅಂತ. ವಯಸ್ಸಾಯ್ತು ನನಗೂ, ನೀನೇ ಇಟ್ಕೋ ಅಂತ ಹೇಳಿ ಹೋಗೋಣ ಅಂತಾನೇ ಬಂದೆ. ಈಗ ನೋಡಿದರೆ ನಿನಗೆ ಇಷ್ಟು ದಿನ ಹೊರೆ ಹೊರಿಸಿದ್ದೆ ಅಂತ ಗೊತ್ತಾಯ್ತು. ಕ್ಷಮಿಸೋ."

"ಹಾಗಲ್ಲ ಕಣೋ..." ಎಂದು ಮಾವ ಬಾಯಿ ತೆರೆದ.

"ಸಂಕೋಚ ಅವರಿಗೆ!" ಎಂದಳು ಅಜ್ಜಿ ಜಗಲಿಯಿಂದ. ಬೀದಿಯೆಲ್ಲ ನಕ್ಕಿತು.

ಕೇಳಿದ್ದನ್ನು ದೇವರು ಮನೆ ಬಾಗಿಲಿಗೇ ಕಳಿಸಿಕೊಟ್ಟಿದ್ದ. ಬಾಗಿಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿಕೊಂಡವನು ತಾನೇ. ಆದರೂ ನಿಜ ಹೇಳಿಬಿಡೋಣವೆಂದು ಮಾವ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಅಮ್ಮಣ್ಣಿ ಟ್ರೈಲರಿನ ಕಿಂಡಿಯಿಂದ ಕತ್ತು ಚಾಚಿ ಮೇಷ್ಟ್ರ ತೋಳು ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ಅವರ ಹೆಗಲ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿತು. ಮೇಷ್ಟ್ರ ಕೈಯಿಂದ ಕೋಲು ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

ಮಾವ ತೆರೆದ ಬಾಯಿ ಮುಚ್ಚಿದ.

ಒಳಗೆ ಹೋಗಿ, ನಿಂತ ಗಡಿಯಾರಗಳ ನಡುವೆ ಮೊಳೆಗೆ ತೂಗುಹಾಕಿದ್ದ ಅಮ್ಮಣ್ಣಿಯ ಚರ್ಮದ ಹಗ್ಗ ತೆಗೆದ. ಆರು ವರ್ಷದ ಹಿಂದೆ ಮೇಷ್ಟ್ರು ಕುದುರೆಯೊಂದಿಗೆ ಬಿಟ್ಟುಹೋದದ್ದು. ತಿಂಗಳಿಗೊಮ್ಮೆ ಎಣ್ಣೆ ಸವರಿ ಮೆತ್ತಗಿಟ್ಟಿದ್ದ. ಹೊರಗೆ ಬಂದು ಅದನ್ನು ಗೆಳೆಯನ ಕೈಯಲ್ಲಿಟ್ಟ.