ಯಾವ ದೀಪವನ್ನೂ ಹೊತ್ತಿಸದ ಸ್ವಿಚ್ಚು

ಯಾಕಿದೆ ಎಂದು ಯಾರಿಗೂ ಗೊತ್ತಿಲ್ಲದ, ಆದರೆ ತೆಗೆದು ಬಿಸಾಡಲು ಯಾರಿಗೂ ಧೈರ್ಯ ಬಾರದ ಒಂದು ವಸ್ತು ಪ್ರತಿ ಮನೆಯಲ್ಲೂ ಇರುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಕೆಲವರ ಮನೆಯಲ್ಲಿ ಅದು ಬೀಗ ಕಳೆದುಹೋದ ಕೀಲಿಕೈ. ಕೆಲವರ ಮನೆಯಲ್ಲಿ ಹೇಗೆ ಸಂಬಂಧವೆಂದು ನೆನಪಿಲ್ಲದಿದ್ದರೂ ಪ್ರತಿ ಮದುವೆಯಲ್ಲಿ ಮೊದಲ ಪಂಕ್ತಿಗೇ ಕೂರುವ ಒಬ್ಬ ಕಾಕಾ. ಹೊಸಪೇಟೆಯ ನಮ್ಮ ಮನೆಯಲ್ಲಿ ಅದು ಪಡಸಾಲೆಯ ಸ್ವಿಚ್ ಬೋರ್ಡಿನ ಕೊನೆಯ ಸ್ವಿಚ್ಚು. ಕಪ್ಪು ಬಣ್ಣದ, ದುಂಡನೆಯ ಹಳೇ ಸ್ವಿಚ್ಚು. ಹಾಕಿದರೆ ಟಕ್ ಎನ್ನುತ್ತದೆ, ಅಷ್ಟೇ. ದೀಪ ಹತ್ತುವುದಿಲ್ಲ, ಫ್ಯಾನು ತಿರುಗುವುದಿಲ್ಲ. ಆದರೂ ನಮ್ಮ ಅವ್ವ ಗೌರಮ್ಮ ಸಂಜೆ ದೇವರ ಮುಂದೆ ದೀಪ ಹಚ್ಚಿ, ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಅದನ್ನು ಹಾಕುತ್ತಾಳೆ, ಬೆಳಿಗ್ಗೆ ಎದ್ದು ಆರಿಸುತ್ತಾಳೆ. ಯಾಕವ್ವಾ ಅಂದರೆ "ಇರ್ಲಿ ಬಿಡು" ಅನ್ನುತ್ತಾಳೆ. ನಾನೂ ಇರಲಿ ಎಂದು ಬಿಟ್ಟಿದ್ದೆ. ವಿಭೂತಿ ಹಚ್ಚಿಕೊಳ್ಳುವುದು, ತಲೆಬಾಗಿಲಿಗೆ ನೀರು ಹಾಕುವುದು ಇದ್ದ ಹಾಗೆ ಇದೂ ಒಂದು ಶಾಸ್ತ್ರ ಇರಬೇಕು ಅಂದುಕೊಂಡಿದ್ದೆ.

ಬಿಡದಂತೆ ಮಾಡಿದ್ದು ನನ್ನ ಹೊಟ್ಟೆಪಾಡು. ನಾನು ಮನೆಯಲ್ಲೇ ಕೂತು ಅನುವಾದ ಮಾಡುವವನು. ಮಿಕ್ಸರಿನ ಜೊತೆ ಬರುವ ಚೀಟಿ, ಹನಿ ನೀರಾವರಿ ಪೈಪಿನ ಸೂಚನೆ, ಔಷಧದ ಲೇಬಲ್ಲು ಎಲ್ಲಕ್ಕೂ ಕನ್ನಡ ಕೊಟ್ಟಿದ್ದೇನೆ. "ಈ ಮುಲಾಮನ್ನು ನುಂಗಬಾರದು" ಎಂಬ ವಾಕ್ಯವನ್ನು ನನ್ನಷ್ಟು ಸಲ ಬರೆದವರು ಈ ಕಡೆ ಇರಲಿಕ್ಕಿಲ್ಲ. ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಒಂದು ವಿಚಿತ್ರ ಕೆಲಸ ಬಂತು. ದೊಡ್ಡ ಬ್ಯಾಂಕುಗಳಲ್ಲಿ, ವಿಮಾ ಕಂಪನಿಗಳಲ್ಲಿ ಮೇನ್‌ಫ್ರೇಮ್ ಎಂಬ ಭಾರೀ ಕಂಪ್ಯೂಟರುಗಳಿವೆಯಂತೆ. ನಮ್ಮ ಅಪ್ಪಂದಿರ ಕಾಲದವರು ಬರೆದಿಟ್ಟ ಪ್ರೋಗ್ರಾಮುಗಳು ಇವತ್ತಿಗೂ ಅವುಗಳಲ್ಲಿ ಓಡುತ್ತಿವೆಯಂತೆ. ಬರೆದವರು ರಿಟೈರ್ ಆಗಿದ್ದಾರೆ, ಕೆಲವರು ಶಿವನ ಪಾದ ಸೇರಿದ್ದಾರೆ. ಒಳಗೆ ಏನಿದೆ ಎಂದು ಈಗಿನವರಿಗೆ ತಿಳಿಯದು. ಅದಕ್ಕೆ ಆ ಹಳೇ ಕೋಡನ್ನು ಓದಿ, ಯಾವುದು ಯಾವುದನ್ನು ಕೆಲಸಕ್ಕೆ ಕರೆಯುತ್ತದೆ, ಎಲ್ಲಿ ಮುಟ್ಟಿದರೆ ಎಲ್ಲಿ ನೋಯುತ್ತದೆ ಎಂದು ಹೇಳಲಿಕ್ಕೇ ಇನ್ನೊಂದು ಸಾಫ್ಟ್‌ವೇರ್ ಇದೆ. ಆ ಸಾಫ್ಟ್‌ವೇರಿನ ಪಾರಿಭಾಷಿಕ ಪದಗಳಿಗೆಲ್ಲ ನಾನು ಕನ್ನಡ ಮಾಡಬೇಕು. ಇದನ್ನು ಕನ್ನಡದಲ್ಲಿ ಓದುವ ಪುಣ್ಯಾತ್ಮರು ಯಾರು ಎಂದು ಕೇಳಬೇಕೆನಿಸಿತು. ಕೇಳಿದರೆ ಕೆಲಸವೇ ಕೈತಪ್ಪೀತೆಂದು ಬಾಯಿ ಮುಚ್ಚಿಕೊಂಡೆ.

ಆದರೆ ಕುತೂಹಲವೆಂಬುದು ತುರಿಕೆಯ ಜಾತಿಯದು, ಬಾಯಿ ಮುಚ್ಚಿಕೊಂಡರೆ ನಿಲ್ಲುವುದಿಲ್ಲ. ಡೆಡ್ ಕೋಡ್ ಎಂಬ ಪದಕ್ಕೆ ಮೊದಲು "ಮೃತ ಸಂಕೇತ" ಎಂದು ಬರೆದೆ. ಚಹಾ ತಂದ ಹೆಂಡತಿ ಶೈಲಾ ಪರದೆ ನೋಡಿ, "ಯಾರು ಹೋದ್ರುರೀ?" ಎಂದು ಗಾಬರಿಯಾದಳು. ಇದು ಹೀಗೆ ಬಗೆಹರಿಯುವುದಿಲ್ಲವೆಂದು ಗೆಳೆಯ ವೀರೇಶನನ್ನು ಹುಡುಕಿಕೊಂಡು ಕಡ್ಡಿರಾಂಪುರಕ್ಕೆ ಹೋದೆ. ಅವನು ಒಂದು ಕಾಲದಲ್ಲಿ ಇಂಥ ಹಳೇ ಪ್ರೋಗ್ರಾಮುಗಳ ಕೆಲಸವನ್ನೇ ಮಾಡುತ್ತಿದ್ದವನು. ಈಗ ಹಂಪಿ ನೋಡಲು ಬರುವವರಿಗೆ ಹೋಂಸ್ಟೇ ನಡೆಸುತ್ತಾನೆ, ಹಿಂದೆ ಬಾಳೆ ತೋಟ ಇದೆ. ಮಂಡಕ್ಕಿ, ಮಿರ್ಚಿ ತರಿಸಿ ನನ್ನ ಒಂದೊಂದು ಪದವನ್ನೂ ಬಿಡಿಸಿ ಹೇಳಿದ.

ಕಾಪಿಬುಕ್ ಅಂದರೆ ಅಕ್ಷರ ತಿದ್ದುವ ಪುಸ್ತಕವಲ್ಲ, ಒಂದೇ ಕಡೆ ಬರೆದಿಟ್ಟು ನೂರಾರು ಪ್ರೋಗ್ರಾಮುಗಳು ಬಳಸಿಕೊಳ್ಳುವ ತುಣುಕು ಎಂದ. "ನಿಮ್ಮವ್ವ ಬ್ಯಾಸಿಗಿಯಾಗ ಮಸಾಲಿ ಖಾರ ಕುಟ್ಟಿ ಇಡ್ತಾಳಲ್ಲ, ಹಂಗ. ಅದರಾಗ ಉಪ್ಪು ಜಾಸ್ತಿ ಆತು ಅಂದ್ರ ವರ್ಷಪೂರ್ತಿ ಎಲ್ಲಾ ಪಲ್ಯೆ ಉಪ್ಪು." ನನಗೆ ಬಹಳ ಹಿಡಿಸಿತು. ಇಂಪ್ಯಾಕ್ಟ್ ಅನಾಲಿಸಿಸ್ ಅಂದರೇನೋ ಎಂದೆ. ಅವನು ತೋಟದ ಆಚೆಯ ಕಾಲುವೆಯ ಕಡೆ ಕೈ ತೋರಿಸಿದ. ವಿಜಯನಗರದ ರಾಯರ ಕಾಲದ ಕಾಲುವೆ ಅದು, ಇವತ್ತಿಗೂ ಹರಿಯುತ್ತದೆ. "ಯಾವ ತೂಬಿನ ನೀರು ಯಾರ ಹೊಲಕ್ಕ ಹೋಕ್ಕತಿ ಅಂತ ಎಲ್ಲರಿಗೂ ಗೊತ್ತಿರಂಗಿಲ್ಲ. ತೂಬು ಮುಚ್ಚಿ ಗಿಡದ ಕೆಳಗ ಕುಂದ್ರು. ಯಾರು ಬೈಕೋಂತ ಬರ್ತಾರ, ಅದು ಅವರ ನೀರು. ಯಾರೂ ಬರ್ಲಿಲ್ಲ ಅಂದ್ರ ಸತ್ತ ತೂಬು. ಅಷ್ಟ." ಇಷ್ಟು ಸ್ಪಷ್ಟವಾದ ವಿವರಣೆ ನನಗೆ ಕಳಿಸಿದ ಇಂಗ್ಲಿಷಿನಲ್ಲೂ ಇರಲಿಲ್ಲ. ನಾನು ಏಳುವಾಗ ಅವನು ಇನ್ನೊಂದು ಮಾತು ಸೇರಿಸಿದ. "ಆದ್ರ ಸಾಫ್ಟ್‌ವೇರು ತನಗ ಕೊಟ್ಟ ಕೋಡ್ ಅಷ್ಟ ಓದ್ತತಿ. ಹೊರಗಿಂದ ಯಾರರ ಕರೀತಿದ್ರ ಅದಕ್ಕ ಕಾಣಂಗಿಲ್ಲ, ಹುಷಾರು." ನನ್ನ ಬಾಯಲ್ಲಿ ಕೊನೆಯ ಮಿರ್ಚಿ ಇತ್ತು. ಅದರ ಜೊತೆ ಆ ಮಾತನ್ನೂ ನುಂಗಿಬಿಟ್ಟೆ.

ಹೊಸದಾಗಿ ವಿದ್ಯೆ ಕಲಿತವನಿಗೆ ಅದನ್ನು ಯಾರ ಮೇಲಾದರೂ ಪ್ರಯೋಗಿಸುವ ತನಕ ಸಮಾಧಾನವಿರುವುದಿಲ್ಲ. ನನ್ನ ಕಣ್ಣು ಆ ಕಪ್ಪು ಸ್ವಿಚ್ಚಿನ ಮೇಲೆ ಬಿತ್ತು. ಶೈಲಾಳನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಹಾಕು, ಆರಿಸು ಎನ್ನುತ್ತಾ ಇಡೀ ಮನೆ ಸುತ್ತಿದೆ. "ಹತ್ತಿತೇನ್ರೀ?" ಎಂದು ಆಕೆ ಕೂಗುವುದು, "ಇಲ್ಲ!" ಎಂದು ನಾನು ಅಟ್ಟದಿಂದ, ಬಚ್ಚಲಿನಿಂದ, ಮಾಳಿಗೆಯಿಂದ ಕೂಗುವುದು. ನೋಡದೆ ಉಳಿದದ್ದು ಒಂದೇ ಜಾಗ, ಹಿತ್ತಲ ಗೋಡೆಯ ಆಚೆ. ಅದು ಪಕ್ಕದ ಮನೆಯ ಕೊಟ್ರಮ್ಮನ ಹಿತ್ತಲು. ಆಕೆಯ ಬಚ್ಚಲು ಅಲ್ಲೇ ಇದೆ, ತಲೆ ನರೆತ ಗಂಡಸು ಗೋಡೆ ಹತ್ತಿ ಇಣುಕುವುದು ಮರ್ಯಾದೆಯಲ್ಲ. ಸಾಲದ್ದಕ್ಕೆ ಕೊಟ್ರಮ್ಮನಿಗೂ ಅವ್ವನಿಗೂ ಮಾತಿಲ್ಲ.

ಒಂದು ಕಾಲಕ್ಕೆ ಇಬ್ಬರೂ ಒಂದೇ ತಾಟಿನಲ್ಲಿ ಉಂಡ ಗೆಳತಿಯರು. ಅವ್ವನ ತವರಿನ ಶ್ಯಾವಿಗೆ ಮಣೆಯನ್ನು ಕೊಟ್ರಮ್ಮ ಒಯ್ದು, ಕಾಲು ಮುರಿದು ವಾಪಸು ತಂದಳು ಎಂದು ಅವ್ವ. ಮೊದಲೇ ಮುರಿದದ್ದನ್ನು ಕೊಟ್ಟು ತನ್ನ ತಲೆಗೆ ಕಟ್ಟಿದಳು ಎಂದು ಕೊಟ್ರಮ್ಮ. ಅಷ್ಟಕ್ಕೇ ನಡುವೆ ಗೋಡೆ ಎದ್ದಿತು. ನಮ್ಮ ಬಟ್ಟೆ ಗಾಳಿಗೆ ಹಾರಿ ಆಚೆ ಬಿದ್ದರೆ ಕೋಲಿನ ತುದಿಯಲ್ಲಿ ಏರಿ ಬಂದು ಗೋಡೆಯ ಮೇಲೆ ಕೂರುತ್ತದೆ, ಕೋಲು ಹಿಡಿದವರ ಮುಖ ಮಾತ್ರ ಕಾಣುವುದಿಲ್ಲ. ಬೀದಿಯಲ್ಲಿ ಎದುರಾದರೆ ಇಬ್ಬರಿಗೂ ಒಮ್ಮೆಲೇ ಆಕಾಶದಲ್ಲಿ ಏನೋ ನೋಡುವ ಕೆಲಸ ಬರುತ್ತದೆ. ಹೀಗಿರುವಾಗ ನಮ್ಮ ಸ್ವಿಚ್ಚಿಗೂ ಅವರ ಹಿತ್ತಲಿಗೂ ಎತ್ತಣ ಸಂಬಂಧ? ಆ ಜಾಗವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸ್ವಿಚ್ಚು ಸತ್ತಿದೆ ಎಂದು ತೀರ್ಮಾನಿಸಿದೆ.

ಇನ್ವರ್ಟರ್ ಕೂರಿಸಲು ಶೈಲಾ ಹೇಗೂ ಹೊಸ ಬೋರ್ಡು ಬೇಕೆನ್ನುತ್ತಿದ್ದಳು. ಅವ್ವ ಪ್ರವಚನ ಕೇಳಲು ಮಠಕ್ಕೆ ಹೋಗಿದ್ದಾಗ ಗಾದಿಗನೂರಿನ ಎಲೆಕ್ಟ್ರಿಷಿಯನ್ ಹನುಮಂತಪ್ಪ ಬಂದು ಬೋರ್ಡು ಬಿಚ್ಚಿದ. "ಅಣ್ಣಾ, ಈ ವೈರು ಗೋಡೆಯೊಳಗ ಹೋಗೇತಿ. ಎಲ್ಲಿಗೆ ಅಂತ ಗೊತ್ತೈತೇನ್ರಿ?" ಎಂದ. "ಎಲ್ಲಿಗೂ ಇಲ್ಲ, ಡೆಡ್ಡು" ಎಂದೆ, ಡಾಕ್ಟರರ ಗಾಂಭೀರ್ಯದಲ್ಲಿ. ಅವನು ವೈರಿನ ತುದಿಗೆ ಟೇಪು ಸುತ್ತಿ ಒಳಗೆ ತುರುಕಿ ಮುಚ್ಚಿದ. ಅವ್ವ ಬಂದವಳೇ ಹೊಳೆಯುವ ಬಿಳಿ ಬೋರ್ಡಿನ ಮುಂದೆ ನಿಂತಳು.

"ನನ್ನ ಸ್ವಿಚ್ಚು ಎಲ್ಲೈತಿ?"

"ಅದರಿಂದ ಏನೂ ಉಪಯೋಗ ಇರ್ಲಿಲ್ಲವ್ವಾ. ನಾನು ಅನಾಲಿಸಿಸ್ ಮಾಡಿ ನೋಡೀನಿ."

"ಹೂಂ, ಮಾಡಿರ್ತಿ" ಎಂದು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಆ ಸಂಜೆ ದೇವರ ದೀಪ ಹಚ್ಚಿ, ಕೈ ಒರೆಸಿಕೊಳ್ಳುತ್ತಾ ಬಂದು, ಅಭ್ಯಾಸಬಲದಿಂದ ಗೋಡೆಗೆ ಕೈ ಚಾಚಿದಳು. ಸ್ವಿಚ್ಚಿದ್ದ ಜಾಗದಲ್ಲಿ ಬರೀ ನುಣ್ಣನೆಯ ಪ್ಲಾಸ್ಟಿಕ್ ಸಿಕ್ಕಿತು. ರಾತ್ರಿ ರೊಟ್ಟಿ ಅರ್ಧಕ್ಕೇ ಬಿಟ್ಟಳು. ನನಗೆ ಕಸಿವಿಸಿಯಾಯಿತು. ಆದರೂ ತೂಬು ಮುಚ್ಚಿ ಕೂತವನಿಗೆ ತಾಳ್ಮೆ ಬೇಕು. ಯಾರೂ ಬೈಯುತ್ತಾ ಬರಲಿಲ್ಲ. ಎರಡು ಮೂರು ದಿನ ಕಳೆದರೂ ಬರಲಿಲ್ಲ. ನಾನು ಗೆದ್ದೆನೆಂದುಕೊಂಡು "ಸತ್ತ ಕೋಡು: ಯಾರೂ ಕರೆಯದ ಭಾಗ" ಎಂದು ಬರೆದು ಮುಗಿಸಿದೆ. ಅವ್ವನಿಗೆ ಮಾತ್ರ ಇದ್ದಕ್ಕಿದ್ದಂತೆ ಕೆಮ್ಮು ಶುರುವಾಗಿತ್ತು. ಸಂಜೆಯಾಯಿತೆಂದರೆ ಹಿತ್ತಲಿಗೆ ಹೋಗಿ, ಗೋಡೆಯ ಹತ್ತಿರ ನಿಂತು ಬೀದಿಗೆಲ್ಲ ಕೇಳುವಂತೆ ಕೆಮ್ಮುವಳು. ಒಳಗೆ ಬಂದರೆ ಕೆಮ್ಮಿಲ್ಲ. ನಾನು ಓಡಿಹೋಗಿ ಸಿರಪ್ ತಂದೆ. ಲೇಬಲ್ಲಿನ ಕನ್ನಡ ನನ್ನದೇ ಆದ್ದರಿಂದ ಧೈರ್ಯವಾಗಿ ಕುಡಿಯೆಂದೆ. ಅವ್ವ ಸೀಸೆಯನ್ನೂ ನನ್ನನ್ನೂ ನೋಡಿದ ರೀತಿಯಲ್ಲಿ ಇಬ್ಬರೂ ಒಂದೇ ದರ್ಜೆಯವರು ಎಂಬ ಭಾವವಿತ್ತು.

ಮಾರನೆಯ ಸಂಜೆ ಮುಂಬಾಗಿಲನ್ನು ಯಾರೋ ದಬದಬ ಬಡಿದರು. ತೆಗೆದರೆ ಕೊಟ್ರಮ್ಮ! ಮಣೆಯ ಕಾಲು ಮುರಿದ ದಿನದಿಂದ ಈ ಹೊಸ್ತಿಲು ತುಳಿಯದ ಕೊಟ್ರಮ್ಮ, ತಲೆ ಕೆದರಿಕೊಂಡು, ಏದುಸಿರು ಬಿಡುತ್ತಾ ನಿಂತಿದ್ದಾಳೆ.

"ಲೇ ಮಂಜಾ, ಏನಾಗೇತಿ ನಿಮ್ಮವ್ವಗ? ದವಾಖಾನಿಗೆ ತೋರ್ಸಿದ್ರೋ ಇಲ್ಲೋ?"

"ಏನೂ ಆಗಿಲ್ಲ ಚಿಗವ್ವಾ. ಬರ್ರಿ, ಕುಂದ್ರಿ."

"ಏನೂ ಆಗದಿದ್ರ ದೀಪ ಯಾಕ ಹತ್ತಿಲ್ಲ? ಕಂಪ್ಲಿಗೆ ಮಗಳ ಮನಿಗೆ ಹೋದ್ರ ಚೀಲ ಹಿಡ್ಕಂಡು ಹೋಗೋದು ಕಾಣ್ತತಿ. ಈ ಸಲ ಚೀಲನೂ ಇಲ್ಲ, ದೀಪನೂ ಇಲ್ಲ. ಮ್ಯಾಲೆ ಆ ಕೆಮ್ಮು! ಕೈಕಾಲು ಬಿದ್ದುಹೋದ್ವೇನೋ ಅಂತ ನನಗ ಅನ್ನ ಇಳೀವಲ್ದು. ನೀನೇನು ಮಗನೋ, ಕಲ್ಲೋ?"

ಮರೆತದ್ದು ನೆನಪಾಗಿ, ನಿಂತಲ್ಲೇ ನನಗೆ ಎಲ್ಲ ಅರ್ಥವಾಯಿತು. ಗೋಡೆ ಏಳುವುದಕ್ಕೆ ಮುಂಚೆ ಎರಡೂ ಮನೆಗೆ ಹಿತ್ತಲು ಒಂದೇ ಆಗಿತ್ತು. ಈಗ ಕೊಟ್ರಮ್ಮನ ಪಾಲಿಗೆ ಹೋದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮಪ್ಪ ಹಾಕಿಸಿದ ಒಂದು ಬಲ್ಬಿತ್ತು. ಗೋಡೆ ಕಟ್ಟಿದರು, ವೈರು ಕತ್ತರಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕೊಟ್ರಮ್ಮನ ಹಿತ್ತಲಲ್ಲಿ ಈಗ ಅವಳದೇ ದೊಡ್ಡ ಎಲ್ಇಡಿ ಇದೆ, ಬೆಳಕಿಗೆ ನಮ್ಮ ಬಲ್ಬು ಬೇಕಿಲ್ಲ. ಅದು ಹತ್ತಿದರೆ ಗೌರಮ್ಮ ಇದ್ದಾಳೆ ಎಂದು ಆಕೆಗೆ ತಿಳಿಯುತ್ತಿತ್ತು. ಹೇಳಿದರೆ ಮಾತು ಬಿಟ್ಟವಳಿಗೆ ದೀಪ ಹಚ್ಚುತ್ತಿದ್ದೇನೆ ಎಂದು ಒಪ್ಪಿಕೊಂಡಂತಾಗುತ್ತದಲ್ಲ, ಅದಕ್ಕೇ ಅವ್ವ ಯಾರು ಕೇಳಿದರೂ "ಇರ್ಲಿ ಬಿಡು" ಅನ್ನುತ್ತಿದ್ದದ್ದು.

ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಬಂದಳು. ಕೊಟ್ರಮ್ಮನ ಮುಖ ನೋಡದೆ ನನಗೆ, "ಮಂಜಾ, ನಾನು ಗುಂಡಕಲ್ಲಿನಂಗ ಅದೀನಿ ಅಂತ ಹೇಳು ಆಕಿಗೆ" ಎಂದಳು.

"ನಿನಗ ಬಾಯಿಲ್ಲೇನು? ನೀನ ಹೇಳು" ಎಂದಳು ಕೊಟ್ರಮ್ಮ.

ಅವ್ವ ಆಕೆಯ ಕಡೆ ತಿರುಗಿ ಬಾಯಿ ಬಿಟ್ಟಳು. ಬಂದ ಮೊದಲ ಮಾತು, "ನನ್ನ ಶ್ಯಾವಿಗಿ ಮಣಿ ಕಾಲು..."

"ಮೊದಲ ಮುರಿದಿತ್ತ ಅದು!"

ಅಲ್ಲಿಂದ ಶುರುವಾದ ಜಗಳ ಶೈಲಾ ಎರಡು ಸಲ ಚಹಾ ಮಾಡಿದರೂ ಮುಗಿಯಲಿಲ್ಲ. ಇಬ್ಬರೂ ಒಂದೇ ಮಂಚದ ಮೇಲೆ ಕೂತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬೈದಾಡುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರಿತ್ತು. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ವೀರೇಶನ ವಿದ್ಯೆ ಸುಳ್ಳಾಗಲಿಲ್ಲ, ಬೈಯುತ್ತಾ ಬಂದೇ ಬಂದರು. ಮಾತು ಬಿಟ್ಟವರಾದ್ದರಿಂದ ಬರುವುದು ಸ್ವಲ್ಪ ತಡವಾಯಿತು, ಅಷ್ಟೇ.

ಮರುದಿನ ಹನುಮಂತಪ್ಪ ಬಂದು, ನನ್ನ ಮುಖ ನೋಡಿ ನಗುತ್ತಾ, ಹೊಸ ಬೋರ್ಡಿನ ಪಕ್ಕ ಹಳೇ ಕಪ್ಪು ಸ್ವಿಚ್ಚನ್ನೇ ಕೂರಿಸಿಹೋದ. ಈಗ ಗೋಡೆಯ ಎರಡೂ ಕಡೆ ಒಂದೊಂದು ಸ್ಟೂಲು ಬಂದಿದೆ, ಮಧ್ಯಾಹ್ನವಿಡೀ ಅಲ್ಲಿ ಮಾತು. ಆ ಸದ್ದಿಗೆ ನನ್ನ ನಿದ್ದೆ ಹೋಗಿದೆ, ಅನುವಾದವೂ ಸಾಗುತ್ತಿಲ್ಲ. ಇನ್ನು ಆ ದೀಪ ನಿಜಕ್ಕೂ ಬೇಡ. ಆದರೂ ಅವ್ವ ಸಂಜೆ ಬಂದು ಟಕ್ ಎಂದು ಹಾಕುತ್ತಾಳೆ. ಇನ್ನೂ ಯಾಕವ್ವಾ ಎಂದೆ. "ಇರ್ಲಿ ಬಿಡು" ಎಂದಳು.

ಪದಗಳ ಕಡತವನ್ನು ಕೊನೆಗೂ ಕಳಿಸಿದೆ. ಸತ್ತ ಕೋಡಿನ ಮುಂದೆ, "ಯಾರೂ ಕರೆಯದ ಭಾಗ. ತೆಗೆಯುವ ಮುನ್ನ ಪಕ್ಕದ ಮನೆಯಲ್ಲಿ ವಿಚಾರಿಸತಕ್ಕದ್ದು" ಎಂದು ಬರೆದಿದ್ದೆ. ತಿದ್ದುವವರು ಎರಡನೆಯ ವಾಕ್ಯಕ್ಕೆ ಕೆಂಪು ಗೆರೆ ಎಳೆದು ವಾಪಸು ಕಳಿಸಿದ್ದಾರೆ: "ಇದು ಮೂಲದಲ್ಲಿಲ್ಲ. ಯಾವ ಉಪಯೋಗಕ್ಕೂ ಬರುವಂತೆ ಕಾಣುವುದಿಲ್ಲ. ತೆಗೆಯಬಹುದೇ? ಇರಲೇಬೇಕೆಂದರೆ ಕಾರಣ ತಿಳಿಸಿ." ಕಾರಣವನ್ನು ಬರೆಯಲು ಕೂತೆ. ಬಲ್ಬು, ಗೋಡೆ, ಮಣೆಯ ಕಾಲು, ಚೀಲ, ಕೆಮ್ಮು ಎಲ್ಲ ನೆನಪಾಯಿತು. ಯಾವುದರಿಂದ ಶುರುಮಾಡಬೇಕೋ ತಿಳಿಯಲಿಲ್ಲ. ಕೊನೆಗೆ "ಇರಲಿ ಬಿಡಿ" ಎಂದು ಬರೆದು ಕಳಿಸಿದೆ.