ರೈಟ್ ಅಂದವನ ಪಾಡು

ಇಂಗ್ಲಿಷರು ದೇಶ ಬಿಟ್ಟು ಹೋದರು, ತೊಲಗಲಿ. ಹೋಗುವಾಗ ತಮ್ಮ ಮಾತುಗಳನ್ನೂ ಗಂಟು ಕಟ್ಟಿಕೊಂಡು ಹೋಗುವುದಕ್ಕೆ ಅವರಿಗೇನಾಗಿತ್ತು ದಾಡಿ? ಒಂದು ಮಾತಿಗೆ ನಾಲ್ಕು ಅರ್ಥ ಇಟ್ಟ ಪುಣ್ಯಾತ್ಮರು! ಅವರ ಒಂದು ಪುಟಗೋಸಿ ಮಾತಿನಿಂದ ಕ್ಯಾಲನೂರಿನ ಕದಿರಪ್ಪನ ಸಂಸಾರ ಬೀದಿಗೆ ಬಂತು.

ಕದಿರಪ್ಪ ಹಾಲಿನ ಡೈರಿಯ ಸೆಕ್ರೆಟರಿ. ಊರಿಗೆ ಡೈರಿ ಹೊಸದಾಗಿ ಬಂದಾಗ ಕೋಲಾರದಿಂದ ಬರುತ್ತಿದ್ದ ಸೂಪರ್‌ವೈಸರು ಮಾತುಮಾತಿಗೆ "ರೈಟ್" ಅನ್ನುತ್ತಿದ್ದ. ಅದು ಇವನ ನಾಲಿಗೆಗೂ ಅಂಟಿಕೊಂಡಿತು. ಊಟಕ್ಕೆ ಬನ್ನಿ ಅಂದರೆ ರೈಟ್, ಎಮ್ಮೆ ಬತ್ತಿತು ಅಂದರೆ ರೈಟ್. ಒಂದು ದಿನ ಹೆಂಡತಿ ಶ್ಯಾಮಲಮ್ಮ ಅಳುತ್ತಾ ಬಂದು, "ನಮ್ಮಮ್ಮ ಜಾರಿ ಬಿದ್ದು ಕಾಲು ಮುರ್ಕೊಂಡ್ಳಂತೆ" ಅಂದಳು. ಇವನು "ರೈಟ್!" ಅಂದ. ಅವಳು ಆವತ್ತೇ ರಾಯಲ್ಪಾಡಿನ ತೌರಿಗೆ ಹೊರಟುಹೋದಳು.

ಕರೆತರಲು ಹೋದ ಕದಿರಪ್ಪನಿಗೆ ಮಾವ ಕೋದಂಡರಾಮಪ್ಪ ಬಾಗಿಲಲ್ಲೇ ನಿಂತು ಮಂಗಳಾರತಿ ಎತ್ತಿದ.

"ಚೂಡಯ್ಯಾ ಅಲ್ಲುಡೂ, ನೋಡಯ್ಯಾ ಅಳಿಯಾ, ಈ ಸಲ ಕಳಿಸ್ತಾ ಇದೀನಿ. ಇನ್ನೊಂದ್ ಸಲ ನನ್ ಮಗಳು ಒಬ್ಬಳೇ ಈ ಹೊಸಿಲು ತುಳಿದಳೋ, ತಿರುಗಿ ಕಳ್ಸೋ ಮಾತೇ ಇಲ್ಲ!"

ಕದಿರಪ್ಪ ನಾಲಿಗೆ ಕಚ್ಚಿಕೊಂಡು ತಲೆಯಾಡಿಸಿದ. ಗಂಡ ಹೆಂಡತಿ ಬಸ್ಸು ಹತ್ತಿದರು. ಶ್ರೀನಿವಾಸಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಶ್ಯಾಮಲಮ್ಮ ಎದ್ದಳು.

"ಹೂವ ತಗೊಂಡು ಬರ್ತೀನಿ. ನಾನು ಬರೋಗಂಟ ಬಸ್ ಬಿಡಬೇಡಿ ಅಂತ ಹೇಳಿ."

"ರೈಟ್!" ಅಂದ ಕದಿರಪ್ಪ.

ಡೈರಿಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು. ಡ್ರೈವರ್ ಗೇರು ಹಾಕಿ ಹೊರಟೇಬಿಟ್ಟ. ಟಾಪಿನ ಮೇಲೆ ಮಾವಿನ ಮಂಕರಿ ಕಟ್ಟಿಸಿ ಆಗತಾನೆ ಇಳಿದಿದ್ದ ಕಂಡಕ್ಟರ್ ವೆಂಕಟರಾಯಪ್ಪ ಓಡಿ ಬಂದು ಬಾಗಿಲಿಗೆ ಜೋತುಬಿದ್ದ.

"ಯಾವನ್ರೀ ರೈಟ್ ಕೊಟ್ಟೋನು?"

"ನಾನು ಕೊಡ್ಲಿಲ್ಲ, ಅಂದೆ! ನಿಲ್ಸಯ್ಯಾ, ನನ್ನ ಹೆಂಡ್ತಿ ಕೆಳಗವಳೆ!"

"ಅನ್ನೋಕೆ ನೀನ್ಯಾವನಯ್ಯಾ? ಬ್ಯಾಗು ನನ್ ಹೆಗಲಲ್ಲೈತೆ, ರೈಟು ನಿನ್ ಬಾಯಲ್ಲೈತಾ?"

"ಲೇ, ಬಾಯಿ ನಂದು, ಮಾತೂ ನಂದು! ಮೊದ್ಲು ನಿಲ್ಸು!"

ಮುಂದಿನ ಸೀಟಿನಲ್ಲಿದ್ದ ರಿಟೈರ್ಡ್ ಮೇಷ್ಟ್ರು ಸುಬ್ಬರಾಯಪ್ಪ ತಿರುಗಿದರು. ಮೇಷ್ಟರು ಸುಮ್ಮನಿದ್ದರೆ ಭೂಮಿ ತಿರುಗುತ್ತದೆಯೇ?

"ಇಬ್ರೂ ಕೇಳ್ರಪ್ಪಾ. ರೈಟ್ ಅಂದ್ರೆ ಸರಿ. ರೈಟ್ ಅಂದ್ರೆ ಬಲಗಡೆ. ರೈಟ್ ಅಂದ್ರೆ ಹಕ್ಕು. ಹೊರಡು ಅನ್ನೋ ಅರ್ಥ ಇಂಗ್ಲಿಷಿನೋನಿಗೇ ಗೊತ್ತಿಲ್ಲ. ಅದು ನಮ್ಮ ಕಂಡಕ್ಟರುಗಳದ್ದು."

"ಯಾರದ್ದಾದ್ರೆ ನನಗೇನ್ರೀ? ಅವಳು ತೌರಿಗೆ ಹೋದ್ಲು ಅಂದ್ರೆ ನನ್ನ ಮನೆ ಹಾಳಾಯ್ತು!" ಎಂದು ಕದಿರಪ್ಪ ಅರಚಿದ.

"ಸಿಟ್ಟು ಯಾಕಪ್ಪಾ? ಇನ್ನೊಂದು ಅರ್ಥ ಐತೆ..."

ಆ ಅರ್ಥ ಬರುವ ಹೊತ್ತಿಗೆ ಬಸ್ಸು ಊರು ದಾಟಿ ಮಾವಿನ ತೋಪಿಗೆ ಬಂದಿತ್ತು. ಆಮೇಲೆ ಕಂಡಕ್ಟರನಿಗೆ ಕರುಣೆ ಹುಟ್ಟಿ "ಹೋಲ್ಡಾನ್" ಅಂದ. ಕದಿರಪ್ಪ ಧುಮುಕಿ, ಮೇಷ್ಟರ ವಂಶವನ್ನೆಲ್ಲ ಬೈಯುತ್ತಾ ಸ್ಟ್ಯಾಂಡಿಗೆ ಓಡಿದ. ಪಂಚೆ ಕಾಲಿಗೆ ಸಿಕ್ಕಿಕೊಂಡು ಒಂದು ಸಲ ಬಿದ್ದೂ ಬಿದ್ದ.

ಶ್ಯಾಮಲಮ್ಮ ಆಗಲೇ ರಾಯಲ್ಪಾಡಿನ ಬಸ್ಸು ಹತ್ತಿ, ಬಾಗಿಲ ಪಕ್ಕದ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಕದಿರಪ್ಪ ಕೆಳಗೇ ಬಾಗಿಲ ಹತ್ತಿರ ನಿಂತ. ಇಂಜಿನ್ನು ಗುರುಗುಟ್ಟುತ್ತಿತ್ತು. ಕಂಡಕ್ಟರ್ ಹಿಂದಿನ ಸೀಟುಗಳಲ್ಲಿ ಟಿಕೆಟ್ ಹರಿಯುತ್ತಿದ್ದ.

"ಬಸ್ ಬಿಡಬೇಡಿ ಅಂದ್ರೆ ಎದುರಿಗೇ ರೈಟ್ ಕೊಟ್ಟು ಹೋದ್ರಲ್ಲಾ! ನಾನು ಅಷ್ಟೊಂದು ಬೇಡವಾದ್ನಾ?" ಅವಳ ಕಣ್ಣು ಕೆಂಪಗಿತ್ತು.

"ತಪ್ಪು ನಂದೇ ಕಣೇ. ನೀನಿಲ್ದೆ ಮನೆ ಮನೆಯಾಗಿಲ್ಲ. ಇನ್ಮೇಲೆ ಆ ಹಾಳು ಮಾತು ಆಡಿದ್ರೆ ನನ್ ನಾಲಿಗೆ ಸೀಳು."

"ಯಾವ ಮಾತು?"

"ಅದೇ."

"ಅದೇ ಅಂದ್ರೆ? ಬಾಯ್ಬಿಟ್ಟು ಹೇಳಿ."

ಬಸ್ಸಿಗೆ ಬಸ್ಸೇ ಅವನ ಬಾಯನ್ನು ನೋಡುತ್ತಿತ್ತು. ಕದಿರಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಕೊಂದ್ರೂ ಹೇಳಲ್ಲ!"

ಶ್ಯಾಮಲಮ್ಮನಿಗೆ ನಗು ಬಂತು. ಎಷ್ಟೋ ದಿನದ ಸಿಟ್ಟು ಇಳಿದುಹೋಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೂವಿನ ಪೊಟ್ಟಣ ಕೈಗೆತ್ತಿಕೊಂಡು, ಇಳಿಯಲು ಎದ್ದು ನಿಂತಳು.

"ಹಂಗಾದ್ರೆ ರೈಟ್!" ಅಂದಳು.

ಬಸ್ಸು ಹೊರಟಿತು. ಶ್ಯಾಮಲಮ್ಮ ದೊಪ್ಪನೆ ಸೀಟಿಗೆ ಬಿದ್ದಳು. ಕದಿರಪ್ಪ ಧೂಳಿನಲ್ಲಿ ಬಾಯಿ ಬಡಿದುಕೊಂಡು ಓಡಿದ. ಒಳಗೆ ಅವಳು "ನಿಲ್ಸಿ, ನಿಲ್ಸಿ" ಎಂದು ಕಿರುಚುವುದೂ, ಕಂಡಕ್ಟರ್ ರೇಗುವುದೂ ಅವನಿಗೆ ಕೇಳಿಸಿತು.

"ನೀವೇ ರೈಟ್ ಕೊಟ್ಟು ನೀವೇ ನಿಲ್ಸಿ ಅಂತೀರಲ್ಲಮ್ಮಾ? ಕೂತ್ಕೊಳಿ, ಇದು ಎಕ್ಸ್‌ಪ್ರೆಸ್ಸು. ಇನ್ನು ರಾಯಲ್ಪಾಡಲ್ಲೇ ನಿಲ್ಲೋದು."